ಕರ್ನಲ್ ಒಪ್ಪಿದ ಕೆಲಸ

ಒರ್ತೆನ್ಸಿಯಾಳ ಮನೆಯಲ್ಲಿದ್ದದ್ದು ಒಂದೇ ದೊಡ್ಡ ಮೇಜು. ಸೋಮವಾರದಿಂದ ಶನಿವಾರದವರೆಗೆ ಮಧ್ಯಾಹ್ನ ಅದರ ಸುತ್ತ ಹನ್ನೆರಡು ಜನ ದುಡ್ಡು ಕೊಟ್ಟು ಕೂತು ಉಣ್ಣುತ್ತಿದ್ದೆವು. ಸೂಪು, ಅನ್ನ, ಏನಾದರೂ ಒಂದು ಮಾಂಸ, ಬೇಯಿಸಿದ ಬೀನ್ಸ್ ಕಾಳು, ಬಿಸಿ ಟೋರ್ತಿಯಾ ರೊಟ್ಟಿ. ನಾನು ಅನ್ಸೆಲ್ಮೊ, ಅದೇ ಕಟ್ಟಡದ ಕೆಳಗೆ ಬೀಗ ರಿಪೇರಿ, ಕೀಲಿ ಮಾಡಿಕೊಡುವ ಅಂಗಡಿಯವನು. ಮೆಕ್ಸಿಕೊ ನಗರದ ಈ ಪೋರ್ತಾಲೆಸ್ ಬಡಾವಣೆಯಲ್ಲಿ ಇಪ್ಪತ್ತು ವರ್ಷದಿಂದ ಅವಳ ಕೈಯಡುಗೆ ತಿಂದವನು. ಭಾನುವಾರ ಮಾತ್ರ ಮೇಜು ಖಾಲಿ. ಆ ಖಾಲಿ ಮೇಜಿನ ಮೇಲೆ ಅವಳ ಮಗಳು ಯೂರಿ ಕಣ್ಣು ಹಾಕಿದಳು. ಮನೆಯ ರಗಳೆಗೆಲ್ಲ ಅದೇ ಮೂಲ ಎಂದು ಒರ್ತೆನ್ಸಿಯಾ ಈಗಲೂ ವಾದಿಸುತ್ತಾಳೆ. ನನ್ನನ್ನು ಕೇಳಿದರೆ ರಗಳೆ ಅದಕ್ಕೂ ನಾಲ್ಕು ವರ್ಷ ಮೊದಲೇ ಬಂದು ಮನೆಯೊಳಗೆ ಕೂತಿತ್ತು.

ನಾಲ್ಕು ವರ್ಷದ ಹಿಂದೆ ಒರ್ತೆನ್ಸಿಯಾಳ ತಾಯಿ ತೀರಿಕೊಂಡರು. ತಂದೆ ಎಲಾದಿಯೊ, ಗೌರವಕ್ಕೆ ನಾವೆಲ್ಲ ದೋನ್ ಎಲಾದಿಯೊ ಎನ್ನುವವರು, ಒಂದು ಸೂಟ್‌ಕೇಸು ಹಿಡಿದು ಮಗಳ ಮನೆಗೆ ಬಂದರು. ಎರಡೇ ಮಲಗುವ ಕೋಣೆಯ ಮನೆ. ಚಿಕ್ಕದು ಯೂರಿಯದು, ದೊಡ್ಡದು ಒರ್ತೆನ್ಸಿಯಾಳದು. ಅವಳು ತನ್ನ ಕೋಣೆಯನ್ನು ಅಪ್ಪನಿಗೆ ಬಿಟ್ಟುಕೊಟ್ಟು ಹೊರಗಿನ ಸೋಫಾದ ಮೇಲೆ ಮಲಗತೊಡಗಿದಳು. ಒಂದು ತಿಂಗಳ ಮಟ್ಟಿಗೆ ಎಂದುಕೊಂಡದ್ದು ನಾಲ್ಕು ವರ್ಷವಾಯಿತು. ಐವತ್ತನಾಲ್ಕರ ಹೆಂಗಸಿಗೆ ಸೋಫಾ ಏನು ಮಾಡುತ್ತದೆ ಎನ್ನುವುದನ್ನು ಅವಳ ಮಂಡಿ ದಿನಾ ಬೆಳಿಗ್ಗೆ ಐದಕ್ಕೆ ಹೇಳುತ್ತಿತ್ತು.

ನಮ್ಮ ದೇಶದಲ್ಲಿ ನಲವತ್ತು ದಾಟಿದವರಿಗೆ ದೋನ್ ಎಲಾದಿಯೊ ಅವರ ಮುಖ ಗೊತ್ತಿಲ್ಲ, ದನಿ ಗೊತ್ತು. ನಾವು ಹುಡುಗರಾಗಿದ್ದಾಗ ಸಂಜೆ ಟೀವಿಯಲ್ಲಿ ಒಂದು ಅಮೆರಿಕದ ಧಾರಾವಾಹಿ ಬರುತ್ತಿತ್ತು. ಹಳೇ ಹಾಲಿನ ಲಾರಿಯಲ್ಲಿ ಊರೂರು ಅಲೆಯುವ ಕೂಲಿ ಸೈನಿಕರು, ಗತಿಯಿಲ್ಲದವರ ಪರವಾಗಿ ಪುಂಡರ ಜೊತೆ ಬಡಿದಾಡುವವರು. ಅದರ ಮುಖಂಡ ಕರ್ನಲ್. ಆ ಕರ್ನಲ್‌ಗೆ ಐದು ವರ್ಷ ನಮ್ಮ ಭಾಷೆಯ ದನಿ ಕೊಟ್ಟವರು ಇವರು. ಈಗಲೂ ಟ್ಯಾಕ್ಸಿ ಹತ್ತಿ ವಿಳಾಸ ಹೇಳಿದರೆ ಡ್ರೈವರು ಹಿಂದೆ ತಿರುಗಿ ನೋಡುತ್ತಾನೆ.

ಅಂಥ ದನಿಯ ಮನುಷ್ಯನಿಗೆ ಮನೆಯಲ್ಲಿ ಮಾತೇ ಇಲ್ಲ. ಜೀವಮಾನವೆಲ್ಲ ಬೇರೆಯವರು ಬರೆದ ಮಾತು ಓದಿದವರು. ಸ್ಟುಡಿಯೋದಲ್ಲಿ ಕೈಗೆ ಹಾಳೆ ಕೊಡುತ್ತಿದ್ದರು, ಪರದೆಯ ಮೇಲಿನವನ ಬಾಯಿ ತೆರೆದಾಗ ಇವರು ಬಾಯಿ ತೆರೆಯುತ್ತಿದ್ದರು. ಮನೆಯಲ್ಲಿ ಹೆಂಡತಿ ಹೇಳಿದ್ದು ಆಗುತ್ತಿತ್ತು. ಇಲ್ಲಿಗೆ ಬಂದ ಮೇಲೆ ಮಗಳು ಹೇಳಿದ್ದು.

"ಅಪ್ಪಾ, ಮೊಟ್ಟೆ ಮಾಡ್ಲಾ, ಗಂಜಿ ಮಾಡ್ಲಾ?"

"ನಿನಗೆ ಹೇಗೆ ಅನುಕೂಲನೋ ಹಾಗೆ."

"ಹೊರಗೆ ಕೂರ್ತೀರಾ, ಒಳಗೇ ಇರ್ತೀರಾ?"

"ನೀನು ಹೇಳಿದ ಹಾಗೆ."

ಇದನ್ನು ದಿನಕ್ಕೆ ಹತ್ತು ಸಲ ಕೇಳಿದರೆ ದೇವರಿಗೂ ತಲೆ ಕೆಟ್ಟೀತು. ಇನ್ನೊಂದು ಅಭ್ಯಾಸವೂ ಇತ್ತು ಅವರಿಗೆ. ಎದುರಿಗಿರುವವರು ಮಾತಾಡುವಾಗ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಮೊದಮೊದಲು ನನ್ನ ಹಲ್ಲಿನಲ್ಲಿ ಏನಾದರೂ ಸಿಕ್ಕಿಕೊಂಡಿದೆಯೇನೋ ಎಂದು ನಾಲಿಗೆ ಆಡಿಸಿಕೊಳ್ಳುತ್ತಿದ್ದೆ.

ಯೂರಿಗೆ ಇಪ್ಪತ್ತಾರು. ಝೆರಾಕ್ಸ್ ಅಂಗಡಿಯಲ್ಲಿ ಕೆಲಸ. ತಾತನ ಆ ಹಳೇ ಧಾರಾವಾಹಿಯ ಹುಚ್ಚಿನಲ್ಲಿ ಅವಳೇ ಒಂದು ಆಟ ಕಟ್ಟಿದ್ದಳು. 'ಬಾಡಿಗೆ ಬಂಟರು' ಎಂದು ಹೆಸರು. ನಿಯಮಗಳನ್ನು ಅಂಗಡಿಯಲ್ಲೇ ಮುದ್ರಿಸಿ ಪಿನ್ ಹೊಡೆದಿದ್ದಳು. ಸೆಪ್ಟೆಂಬರ್ ಕೊನೆಯ ಭಾನುವಾರ ಮಧ್ಯಾಹ್ನ ನನ್ನನ್ನೂ, ಔಷಧಿ ಅಂಗಡಿಯ ಸುಲೇಮಾಳನ್ನೂ, ತಾತನನ್ನೂ ಮೇಜಿನ ಸುತ್ತ ಕೂರಿಸಿದಳು.

"ಇದು ಗೆಲ್ಲೋ ಸೋಲೋ ಆಟ ಅಲ್ಲ. ನಾನು ಕಥೆ ಹೇಳ್ತೀನಿ. ಅದರೊಳಗೆ ನೀವು ಒಬ್ಬೊಬ್ಬರು ಒಬ್ಬೊಬ್ಬ ಬಂಟ. ಮುಂದೆ ಏನು ಮಾಡ್ತೀರಿ ಅಂತ ನೀವೇ ಹೇಳ್ಬೇಕು. ಆಗುತ್ತೋ ಇಲ್ವೋ ಅಂತ ದಾಳ ಹೇಳುತ್ತೆ," ಎಂದಳು ಯೂರಿ.

"ಗುಂಡು ತಾಗಿದ್ರೆ?" ನಾನು ಕೇಳಿದೆ.

"ತಾಗಲ್ಲ. ಯಾರೂ ಸಾಯಲ್ಲ. ಸಾವಿರ ಗುಂಡು ಹಾರುತ್ತೆ, ಜೀಪು ಮೂರು ಪಲ್ಟಿ ಹೊಡೆಯುತ್ತೆ, ಒಳಗಿದ್ದೋರು ಬಟ್ಟೆ ಕೊಡವಿಕೊಂಡು ಎದ್ದು ಬರ್ತಾರೆ. ಆ ಕಾಲದ ಟೀವೀಲಿ ಹಾಗೇ ತಾನೆ?"

"ಹಂಗಾದ್ರೆ ನಾನೂ ಸೈನ್ಯಕ್ಕೆ ಸೇರ್ಬಹುದಿತ್ತು," ಎಂದಳು ಸುಲೇಮಾ. ಅವಳಿಗೆ ವಿಮಾನ ಹಾರಿಸುವವಳ ಪಾತ್ರ. ನನಗೆ ಮೆಕ್ಯಾನಿಕ್. ತಾತ, ಇನ್ನೇನು, ಕರ್ನಲ್.

ಪ್ರತಿ ವಾರದ ಕಥೆಗೂ ಒಂದು ಕಟ್ಟುಪಾಡಿತ್ತು. ಮೊದಲು ಒಬ್ಬ ಗಿರಾಕಿ ಬರಬೇಕು, ತನ್ನ ಕಷ್ಟ ಹೇಳಿಕೊಳ್ಳಬೇಕು. ಆ ಗಿರಾಕಿ ಆಟಗಾರನಾಗಿರಬಾರದು, ಹಿಂದೆಂದೂ ಆ ಆಟಕ್ಕೆ ಕೂತವನಾಗಿರಬಾರದು. ಯೂರಿ ಓಣಿಯಿಂದ ಯಾರನ್ನಾದರೂ ಹಿಡಿದು ತರುತ್ತಿದ್ದಳು. ಗಿರಾಕಿ ಕಥೆ ಕಟ್ಟಬಹುದು, ಹೆಸರು ಬದಲಿಸಬಹುದು. ಬಂಟರು ಮೂರು ಪ್ರಶ್ನೆ ಕೇಳುತ್ತಾರೆ, ಆ ಮೂರಕ್ಕೂ ಸುಳ್ಳು ಹೇಳುವ ಹಾಗಿಲ್ಲ. ಕೊನೆಗೆ ಕೆಲಸ ಒಪ್ಪುವುದೋ ಬಿಡುವುದೋ ಕರ್ನಲ್ ಹೇಳಬೇಕು. ಕರ್ನಲ್ ಒಪ್ಪದೆ ಲಾರಿ ಹೊರಡುವುದಿಲ್ಲ.

ಮೊದಲ ವಾರದ ಗಿರಾಕಿ ನೀರಿನ ಕ್ಯಾನು ತರುವವನು. ಮರುಭೂಮಿಯ ಊರೊಂದರಲ್ಲಿ ಒಬ್ಬ ದೊರೆ ಜನರ ನೀರಿನ ಕೊಡಗಳನ್ನೆಲ್ಲ ವಾಪಸು ಕೊಡದೆ ಇಟ್ಟುಕೊಂಡಿದ್ದಾನೆ, ಅವನ ನಾಯಿ ಕಚ್ಚುತ್ತದೆ ಎಂದ. ಮೂರನೇ ಮಹಡಿಯ ವಕೀಲನ ವಿಷಯ ಎಂದು ನಮಗೆಲ್ಲ ತಿಳಿಯಿತು. ಮೂರು ಪ್ರಶ್ನೆ ಮುಗಿದವು. ಎಲ್ಲರೂ ದೋನ್ ಎಲಾದಿಯೊ ಕಡೆ ತಿರುಗಿದೆವು.

ಅವರು ಮೇಜಿನ ಮೇಲೆ ಹುಡುಕಿ, "ನನ್ನ ಹಾಳೆ ಎಲ್ಲಿ?" ಎಂದರು.

"ಹಾಳೆ ಇಲ್ಲ ತಾತ. ನಿಮಗೆ ಅನ್ನಿಸಿದ್ದು ಹೇಳಿ."

"ಹಾಳೆ ಇಲ್ದೆ ಕರ್ನಲ್ ಮಾತಾಡಲ್ಲಮ್ಮ."

ಯೂರಿ ನಿಟ್ಟುಸಿರು ಬಿಟ್ಟು ನೋಟುಪುಸ್ತಕದ ಹಾಳೆ ಹರಿದು ಹತ್ತು ಸಾಲು ಗೀಚಿ ಕೊಟ್ಟಳು. ಅವರು ಸ್ಟುಡಿಯೋದಲ್ಲಿ ಹೆಡ್‌ಫೋನು ಒತ್ತಿಕೊಂಡ ಹಾಗೆ ಕಿವಿಗೆ ಒಂದು ಕೈ ಒತ್ತಿಕೊಂಡು, ಗಂಟಲು ಸರಿಮಾಡಿಕೊಂಡು, "ಈ ಕೆಲಸ ನಾವು ಒಪ್ಪಿದ್ದೇವೆ" ಎಂದಾಗ ನನ್ನ ಮೈಮೇಲೆ ಮುಳ್ಳೆದ್ದವು. ನೀರಿನವನು ಎದ್ದು ನಿಂತುಬಿಟ್ಟ.

ಆದರೆ ಆಟ ಹಾಳೆಯ ಮಾತು ಕೇಳುವುದಿಲ್ಲವಲ್ಲ. ದೊರೆಯ ಗೋದಾಮಿಗೆ ನುಗ್ಗಿದೆವು. ಸುಲೇಮಾ ದಾಳ ಹಾಕಿದಳು, ಕೆಟ್ಟದಾಗಿ ಬಿತ್ತು, ಗೋದಾಮಿಗೆ ಬೆಂಕಿ ಹತ್ತಿಕೊಂಡಿತು. "ಕರ್ನಲ್! ಬಾಗಿಲು ಉರೀತಿದೆ! ಏನ್ ಮಾಡೋಣ?" ಎಂದು ನಾನು ಕೂಗಿದೆ. ದೋನ್ ಎಲಾದಿಯೊ ಹಾಳೆ ನೋಡಿದರು. ಕಿವಿಗೆ ಕೈ ಇಟ್ಟರು. "ಕಾಫಿ ಬಹಳ ಚೆನ್ನಾಗಿದೆ, ಮೇಡಂ. ಇನ್ನೊಂದು ಲೋಟ ಸಿಗಬಹುದೇ?"

ಸುಲೇಮಾ ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ಅವರು ಮಾತ್ರ ಅದೇ ಗಾಂಭೀರ್ಯದಲ್ಲಿ, ಮುಂದಿನ ಸಾಲಿಗೆ ಬೆರಳಿಟ್ಟುಕೊಂಡು, ತಮ್ಮ ಸರದಿ ಕಾಯುತ್ತಿದ್ದರು.

ಅಡುಗೆಮನೆಯಿಂದ ಒರ್ತೆನ್ಸಿಯಾ ಬಂದಳು. ಮೇಜಿನ ಮೇಲೆ ನಮ್ಮ ನಮ್ಮ ಮುಂದೆ ಗುಂಡುಗಳ ಬದಲು ಒಣ ಬೀನ್ಸ್ ಕಾಳು ಗುಡ್ಡೆ ಹಾಕಿದ್ದೆವು.

"ಇದು ನಾಳೆ ಸಾರಿಗೆ ಇಟ್ಟಿದ್ದ ಕಾಳಲ್ವಾ?"

"ಗುಂಡು ಅಮ್ಮ. ಆಟ ಮುಗಿದ ಮೇಲೆ ವಾಪಸ್ ಹಾಕ್ತೀನಿ."

"ತೊಳೆದು ಹಾಕು. ಅನ್ಸೆಲ್ಮೋ, ಐವತ್ತೆಂಟು ವರ್ಷ ಆಯ್ತು ನಿನಗೆ, ಕೀಲಿ ಮಾಡೋ ಕೈಯಲ್ಲಿ ಗುಂಡು ಹಾರಿಸ್ತಾ ಕೂತಿದೀಯಲ್ಲ, ನಾಚಿಕೆ ಆಗಲ್ವಾ?"

"ಆಗ್ತಿದೆ. ಆದ್ರೆ ಗೋದಾಮಿಗೆ ಬೆಂಕಿ ಬಿದ್ದಿದೆ," ಎಂದೆ.

"ನನ್ನ ಹೊಟ್ಟೆಗೂ ಬಿದ್ದಿದೆ. ಆರು ದಿನ ಹನ್ನೆರಡು ಜನಕ್ಕೆ ಬೇಯಿಸಿ, ಏಳನೇ ದಿನ ನನ್ನ ಮನೆ ಮೇಜಿನ ಹತ್ರ ನನಗೇ ಜಾಗ ಇಲ್ಲ."

"ಬಾ ಅಮ್ಮ, ನೀನೂ ಕೂತ್ಕೊ. ಮುಂದಿನ ವಾರ ನೀನೇ ಗಿರಾಕಿ."

"ನನ್ನ ಕಷ್ಟ ಕೇಳೋಕೆ ಮೂರು ಪ್ರಶ್ನೆ ಸಾಲಲ್ಲ ಕಣೇ," ಎಂದು ಅವಳು ಒಳಗೆ ಹೋದಳು.

ಅಕ್ಟೋಬರ್ ಎರಡನೇ ವಾರ ಒಂದು ಮಂಗಳವಾರ, ಊಟಕ್ಕೆ ಜನ ಬರುವ ಅರ್ಧ ಗಂಟೆ ಮೊದಲು, ಒರ್ತೆನ್ಸಿಯಾ ಸೂಪಿನ ಪಾತ್ರೆ ಎತ್ತಿ ತರುವಾಗ ಮಂಡಿ ಕೈಕೊಟ್ಟಿತು. ಸೂಪೆಲ್ಲ ನೆಲಕ್ಕೆ. ಪುಣ್ಯಕ್ಕೆ ಮೈಮೇಲೆ ಬೀಳಲಿಲ್ಲ. ಸದ್ದಿಗೆ ನಾನು ಕೆಳಗಿನಿಂದ ಓಡಿಬಂದಾಗ ಅವಳು ನೆಲದ ಮೇಲೆ ಕೂತಿದ್ದಳು. ದೋನ್ ಎಲಾದಿಯೊ ಮೇಜಿನ ಹತ್ತಿರ ಎದ್ದು ನಿಂತಿದ್ದರು, ಕೈಯಲ್ಲಿ ಚಮಚ. ಏನು ಮಾಡಬೇಕೆಂದು ಯಾರಾದರೂ ಹೇಳಲಿ ಎಂದು ಕಾಯುತ್ತ ನಿಂತಿದ್ದರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಸಿಟ್ಟೇ ಜಾಸ್ತಿ.

ಅವತ್ತು ಸಂಜೆ ಒರ್ತೆನ್ಸಿಯಾ ಮಂಡಿಗೆ ಬಿಸಿ ಬಟ್ಟೆ ಒತ್ತಿಕೊಳ್ಳುತ್ತ ತಮ್ಮ ಫೆರ್ಮಿನ್‌ಗೆ ಫೋನು ಮಾಡಿದಳು. ಅವನು ಕೆರೆತಾರೊ ಊರಿನಲ್ಲಿ ಟೈಲ್ಸ್ ವ್ಯಾಪಾರ ಮಾಡುವವನು, ಇಲ್ಲಿಂದ ಮೂರು ಗಂಟೆ ದಾರಿ. ವರ್ಷಕ್ಕೊಮ್ಮೆ ಬಂದು ಅಪ್ಪನ ಬೆನ್ನು ತಟ್ಟಿ ಹೋಗುತ್ತಿದ್ದ. ನೀನೂ ಇಟ್ಟುಕೋ ಎಂದರೆ ಹೆಂಡತಿ ಅರಾಸೆಲಿ ಒಪ್ಪುವುದಿಲ್ಲ ಎನ್ನುತ್ತಿದ್ದ. ಪ್ರತಿ ಸಲ ಈ ಅಕ್ಕ ತಮ್ಮಂದಿರ ಜಗಳ ಹತ್ತು ನಿಮಿಷಕ್ಕೆ ಕಡಿಮೆ ಇರುತ್ತಿರಲಿಲ್ಲ. ಅಂದು ಎರಡೇ ನಿಮಿಷಕ್ಕೆ ಮುಗಿಯಿತು.

"ಏನಂದ?" ಯೂರಿ ಕೇಳಿದಳು.

"ಸರಿ ಅಂದ." ಒರ್ತೆನ್ಸಿಯಾಗೇ ನಂಬಿಕೆ ಬಂದಿರಲಿಲ್ಲ. "ಸತ್ತವರ ಹಬ್ಬ ಮುಗಿದ ಭಾನುವಾರ ಬಂದು ಕರ್ಕೊಂಡು ಹೋಗ್ತಾನಂತೆ. 'ಏನ್ ಮಾಡೋದಕ್ಕಾ, ಮಗ ಅಂದ್ಮೇಲೆ ಹೊರಲೇಬೇಕು' ಅಂದ."

"ಹೊರೋಕೆ ತಾತ ಏನು ಟೈಲ್ಸ್ ಡಬ್ಬಾನಾ?"

"ನಾಲ್ಕು ವರ್ಷ ನಾನು ಹೊತ್ತಾಗ ಕೇಳ್ಲಿಲ್ವಲ್ಲ ನೀನು ಈ ಪ್ರಶ್ನೆ?"

"ತಾತನ್ನ ಕೇಳಿದೀಯಾ? ಹೋಗೋರು ಅವರು."

"ಕೇಳು. ನೀನೇ ಕೇಳು. ಅವರು ಏನಂತಾರೆ ಅಂತ ಈಗ್ಲೇ ಹೇಳ್ಲಾ?"

ಯೂರಿ ತಾತನ ಕೋಣೆಯ ಬಾಗಿಲಿಗೆ ಹೋಗಿ ಕೇಳಿದಳು. ದೋನ್ ಎಲಾದಿಯೊ ಮಂಚದ ಮೇಲೆ ಕೂತು ಶೂ ಲೇಸು ಬಿಚ್ಚುತ್ತಿದ್ದರು. "ನಿಮ್ಮಮ್ಮ ಹೇಳಿದ ಹಾಗೆ," ಎಂದರು. ಒರ್ತೆನ್ಸಿಯಾ ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು.

ಆಮೇಲಿನ ಮೂರು ವಾರ ತಾಯಿ ಮಗಳು ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡಲಿಲ್ಲ. ಊಟದ ಹೊತ್ತಿನಲ್ಲಿ ಯೂರಿ ತಟ್ಟೆ ತಂದಿಡುವ ರಭಸಕ್ಕೆ ಸೂಪು ನಮ್ಮ ಅಂಗಿಗೆ ಹಾರುತ್ತಿತ್ತು. ಒರ್ತೆನ್ಸಿಯಾ ಅಪ್ಪನ ಅಂಗಿಗಳಿಗೆ ಗುಂಡಿ ಹೊಲಿದಳು, ಮಾತ್ರೆಗಳನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಬರೆದ ಡಬ್ಬಿಗಳಿಗೆ ತುಂಬಿದಳು. ಅಪ್ಪ ಹೋಗಲಿ ಎಂದು ಅವಳಿಗಿತ್ತು. ಹೋಗಲಿ ಎಂದುಕೊಂಡದ್ದಕ್ಕೆ ತನ್ನ ಮೇಲೇ ಅವಳಿಗೆ ಹೇಸಿಗೆಯೂ ಇತ್ತು. ಒಂದು ದಿನ ನನಗೆ ಕಾಫಿ ಕೊಡುತ್ತ, "ಬೇಡ ಅಂತ ಒಂದು ಮಾತು ಅವರ ಬಾಯಿಂದ ಬರ್ಲಿ ಅನ್ಸೆಲ್ಮೊ, ನಾನು ಫೆರ್ಮಿನ್‌ಗೆ ಬರಬೇಡ ಅಂತ ಫೋನ್ ಮಾಡ್ತೀನಿ. ಹೋಗ್ತೀನಿ ಅಂದ್ರೂ ಸರಿ, ನೆಮ್ಮದಿಯಿಂದ ಕಳಿಸ್ತೀನಿ. ಏನೂ ಹೇಳ್ದೆ ಕೂತ್ರೆ ನಾನೇ ಹೊರಗೆ ಹಾಕಿದ ಹಾಗಾಗಲ್ವಾ?" ಎಂದಳು. ನಾನು ಕಾಫಿ ಕುಡಿದೆ.

ಯೂರಿಯ ಲೆಕ್ಕ ಬೇರೆ. ಆಟದಲ್ಲಿ ತಾತನ ಬಾಯಿ ಬಿಡಿಸಿದರೆ ಮನೆಯಲ್ಲೂ ಬಿಡುತ್ತಾರೆ, ಮಾಮ ಬಂದಾಗ 'ಒಲ್ಲೆ' ಎನ್ನುತ್ತಾರೆ ಎಂದು. ಅದಕ್ಕೇ ಹಾಳೆ ಕೊಡುವುದನ್ನು ನಿಲ್ಲಿಸಿದಳು. ಅದರ ಫಲ ಏನಾಯಿತೆಂದರೆ, ಕರ್ನಲ್ ಎರಡು ಭಾನುವಾರ ಉಸಿರೆತ್ತಲಿಲ್ಲ. ಗ್ಯಾಸ್ ಸಿಲಿಂಡರಿನವನು ಗಿರಾಕಿಯಾಗಿ ಬಂದು ಬಾಯಿ ಒಣಗುವಷ್ಟು ಹೇಳಿಕೊಂಡ, ಉತ್ತರವಿಲ್ಲ. ಆಟ ಸಾಯಬಾರದೆಂದು ಯೂರಿಯೇ "ಕರ್ನಲ್ ಹೂಂ ಅಂತ ತಲೆ ಆಡಿಸಿದ್ರು" ಎಂದು ಲಾರಿ ಹೊರಡಿಸಿದಳು. ಕಥೆಯ ಪುಂಡರು ನಮ್ಮನ್ನು ಒಂದು ಕೊಟ್ಟಿಗೆಯಲ್ಲಿ ಕೂಡಿಹಾಕಿದರು. ಪ್ರತಿ ಕಥೆಯಲ್ಲೂ ಒಂದು ಸಲ ಹಾಗೆ ಕೂಡಿಹಾಕುತ್ತಾರೆ, ಒಳಗಿರುವ ಗುಜರಿಯಲ್ಲೇ ಏನಾದರೂ ಕಟ್ಟಿಕೊಂಡು ನಾವು ಗೋಡೆ ಒಡೆದು ಬರಬೇಕು. ಕೆಟ್ಟ ಟ್ರ್ಯಾಕ್ಟರಿಗೆ ಎಣ್ಣೆ ಡಬ್ಬಗಳ ಕವಚ ತೊಡಿಸಿ ನಾನು ಟ್ಯಾಂಕು ಮಾಡಿದೆ. ದಾಳ ಎರಡೂ ಆರು ಬಿದ್ದವು. ಜೀವನದಲ್ಲಿ ನನಗೆ ಅಷ್ಟು ಸಂತೋಷ ಕೊಟ್ಟ ಕೆಲಸ ಕಡಿಮೆ. ಕರ್ನಲ್ ಟ್ಯಾಂಕಿನೊಳಗೆ ಸುಮ್ಮನೆ ಕೂತು ಬಂದರು.

"ಬಿಟ್ಬಿಡೇ," ಎಂದಳು ಸುಲೇಮಾ, ಮೆಟ್ಟಿಲಿಳಿಯುವಾಗ. "ಪಾಪ, ಅವರನ್ನ ಯಾಕೆ ಹಿಂಸೆ ಮಾಡ್ತೀಯ?"

"ಇನ್ನೊಂದು ಭಾನುವಾರ ಇದೆ," ಎಂದಳು ಯೂರಿ.

ಆ ಭಾನುವಾರ ಫೆರ್ಮಿನ್ ಹನ್ನೊಂದಕ್ಕೇ ಬಂದ. ಸತ್ತವರ ಹಬ್ಬದ ಹೂವು ಇನ್ನೂ ತಾಯಿಯ ಫೋಟೋದ ಮುಂದೆ ಬಾಡುತ್ತಿತ್ತು. ಅವನು ಸೊರಗಿದ್ದ, ಆದರೆ ಜೋರು ಕಡಿಮೆಯಾಗಿರಲಿಲ್ಲ. "ಏನ್ ಕರ್ನಲ್, ರೆಡಿನಾ? ನಿಮ್ಮ ಕೋಣೆಗೆ ಹೊಸ ಟೈಲ್ಸ್ ಹಾಕಿಸಿದೀನಿ. ಇಲ್ಲಿ ಥರ ಅಲ್ಲ, ಅಲ್ಲಿ ರಾಜನ ಥರ ಇರ್ಬಹುದು," ಎಂದ.

"ಅರಾಸೆಲಿ ಬರ್ಲಿಲ್ವಾ?" ಒರ್ತೆನ್ಸಿಯಾ ಕೇಳಿದಳು.

"ಅವಳಿಗೆ ಕೆಲಸ."

ಕುಂಬಳಬೀಜದ ಹಸಿರು ಗೊಜ್ಜಿನಲ್ಲಿ ಕೋಳಿ ಬೇಯಿಸಿದ್ದಳು ಒರ್ತೆನ್ಸಿಯಾ, ಅಪ್ಪನಿಗೆ ಇಷ್ಟ ಎಂದು. ಇಷ್ಟ ಎಂದು ಅವರು ಯಾವತ್ತೂ ಹೇಳಿದ್ದಲ್ಲ, ಎರಡು ಟೋರ್ತಿಯಾ ಜಾಸ್ತಿ ತಿನ್ನುವುದನ್ನು ನೋಡಿ ಅವಳೇ ಊಹಿಸಿದ್ದು. ಫೆರ್ಮಿನ್ ತಟ್ಟೆಯಿಂದ ಮುಖ ಎತ್ತದೆ ಮೂರು ಸಲ ಹಾಕಿಸಿಕೊಂಡ. ಊಟ ಮುಗಿದೊಡನೆ ಗಡಿಯಾರ ನೋಡಿದ. ಸೂಟ್‌ಕೇಸು ಬಾಗಿಲಲ್ಲಿತ್ತು. ಅಷ್ಟರಲ್ಲಿ ನಾನೂ ಸುಲೇಮಾಳೂ ಬಂದೆವು, ಯೂರಿ ದಾಳ ತಂದು ಮೇಜಿನ ಮೇಲಿಟ್ಟಳು.

"ಇದೇನು ಮಕ್ಕಳಾಟ? ಕತ್ತಲಾಗೋ ಮೊದ್ಲು ಊರು ಸೇರ್ಬೇಕು ನಾನು," ಎಂದ ಫೆರ್ಮಿನ್.

"ಒಂದು ಆಟ, ಮಾಮ. ಒಂದೇ."

"ಆಡ್ಲಿ ಬಿಡೋ, ಕೊನೇ ಸಲ," ಎಂದಳು ಒರ್ತೆನ್ಸಿಯಾ. ಯೂರಿ ಅಮ್ಮನನ್ನು ತಿರುಗಿ ನೋಡಿದಳು. ಒರ್ತೆನ್ಸಿಯಾ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅಡುಗೆಮನೆಗೆ ಬಾಗಿಲಿಲ್ಲ, ಬರೀ ಪರದೆ.

"ಗಿರಾಕಿ ಬೇಕು," ಎಂದಳು ಯೂರಿ. "ಮಾಮ, ಈ ಮೇಜಿನ ಹತ್ರ ಕೂತೋರಲ್ಲಿ ಇನ್ನೂ ಆಡದೇ ಇರೋರು ನೀವೊಬ್ರೇ."

ಕಟ್ಟುಪಾಡುಗಳನ್ನು ಕೇಳಿ ಫೆರ್ಮಿನ್ ನಕ್ಕ. ಬೇಗ ಮುಗಿಸಿದರೆ ಬೇಗ ಹೊರಡಬಹುದೆಂದು ಕೂತ. "ಸರಿ, ಬರಕೊಳ್ಳಿ. ಒಬ್ಬ ದೊಡ್ಡ ವ್ಯಾಪಾರಿ. ಒಳ್ಳೇ ಮನುಷ್ಯ. ದೊಡ್ಡ ಮನೆ. ಒಂದಿನ ಅವನು ಊರಲ್ಲಿ ಇಲ್ದಾಗ ಕಳ್ಳರು ಬಂದು ಮನೇನೆಲ್ಲ ಗುಡಿಸಿಕೊಂಡು ಹೋದ್ರು. ಹಿಡ್ಕೊಡಿ. ಅಷ್ಟೇ ಕಥೆ."

"ಏನೇನು ಹೋಯ್ತು?" ಮೊದಲ ಪ್ರಶ್ನೆ ಸುಲೇಮಾಳದು.

"ಎಲ್ಲಾ. ಹೊಲಿಗೆ ಮೆಷಿನ್, ಕಿಟಕಿ ಪರದೆ, ಹೂವಿನ ಕುಂಡ, ಅಡುಗೆಮನೆ ಕನ್ನಡಿ..." ಹೇಳುತ್ತ ಹೇಳುತ್ತ ಅವನ ದನಿ ನಿಧಾನವಾಯಿತು.

ನಾನು ಮೂವತ್ತೈದು ವರ್ಷದಿಂದ ಬೀಗದ ಕೆಲಸ ಮಾಡಿದವನು. ಕಳ್ಳರು ಬಂದುಹೋದ ಮನೆಗಳಿಗೆ ಮರುದಿನ ಬೆಳಿಗ್ಗೆ ಹೋಗುವವನು ನಾನೇ. ಟೀವಿ ಬಿಟ್ಟು ಹೂಕುಂಡ ಹೊತ್ತ ಕಳ್ಳನನ್ನು ನಾನು ಕಂಡಿಲ್ಲ. "ಬೀಗ ಒಡೆದಿದ್ರಾ?" ಎಂದೆ. ಎರಡನೇ ಪ್ರಶ್ನೆ.

ಫೆರ್ಮಿನ್ ದಾಳವನ್ನು ಬೆರಳಲ್ಲಿ ಉರುಳಿಸಿದ. "ಇಲ್ಲ. ಕೀಲಿ ಇತ್ತು."

ನನಗೆ ತಿಳಿಯಿತು. ಸುಲೇಮಾಳೂ ನನ್ನ ಮುಖ ನೋಡಿದಳು. ಒಳಗೆ ನಲ್ಲಿಯ ಸದ್ದು ನಿಂತಿತು. ಮೂರನೇ ಪ್ರಶ್ನೆ ಕರ್ನಲ್‌ದು. ಇವತ್ತೂ ಕೇಳುವುದಿಲ್ಲ ಎಂದುಕೊಂಡು ಯೂರಿ ತಾನೇ ಏನೋ ಹೇಳಲು ಬಾಯಿ ತೆರೆದಳು. ದೋನ್ ಎಲಾದಿಯೊ ಕೈ ಎತ್ತಿ ಅವಳನ್ನು ತಡೆದರು. ಅವರು ಮಗನ ಬಾಯನ್ನೇ ನೋಡುತ್ತಿದ್ದರು.

"ಯಾರು ತಗೊಂಡು ಹೋದ್ರು?"

"ಹೇಳಿದ್ನಲ್ಲ. ಕಳ್ಳರು."

"ದನಿ ತುಟಿಗೆ ಕೂರ್ಲಿಲ್ಲ," ಎಂದರು. "ಇನ್ನೊಂದ್ಸಲ."

ಸ್ಟುಡಿಯೋದಲ್ಲಿ ಹಾಗೆ. ಮಾತು ತುಟಿಗೆ ಕೂರುವವರೆಗೆ ಮತ್ತೆ ಹೇಳಿಸುತ್ತಾರೆ, ಅದರಲ್ಲಿ ಸಿಟ್ಟೂ ಇಲ್ಲ, ಅವಮಾನವೂ ಇಲ್ಲ.

"ಏನಪ್ಪಾ ಇದು? ಕಳ್ಳರು. ಗೊತ್ತಿರೋ ಕಳ್ಳರು ಅಂತಿಟ್ಕೊಳ್ಳಿ."

"ಇನ್ನೂ ಕೂರ್ಲಿಲ್ಲ. ಇನ್ನೊಂದ್ಸಲ."

ಫೆರ್ಮಿನ್ ಎದ್ದುಹೋಗುತ್ತಾನೆ ಎಂದುಕೊಂಡೆ. ಎದ್ದ. ಆಮೇಲೆ ಮತ್ತೆ ಕೂತ.

"ಅರಾಸೆಲಿ ಹೋದ್ಲು," ಎಂದ. "ಆಗಸ್ಟಲ್ಲಿ. ಅವಳ ಸಾಮಾನೆಲ್ಲ ತಗೊಂಡು ಹೋದ್ಲು. ಮನೇಲಿ ಪರದೆ ಕೂಡ ಇಲ್ಲ. ಅಂಗಡಿ ಮುಚ್ಚಿ ಮನೆಗೆ ಹೋದ್ರೆ ನನ್ನ ಜೊತೆ ಮಾತಾಡೋ ಒಂದು ನರಪಿಳ್ಳೆ ಇಲ್ಲ. ಟೀವಿ ಹಾಕ್ಕೊಂಡು ಅದರ ಮುಂದೆನೇ ಮಲಗ್ತೀನಿ. ನೀವು ಬಂದ್ರೆ..." ಅಲ್ಲಿಗೆ ನಿಲ್ಲಿಸಿದ.

"ಈಗ ಕೂತ್ಕೊಂಡ್ತು," ಎಂದರು ದೋನ್ ಎಲಾದಿಯೊ.

ಹೊರುತ್ತೇನೆ ಎಂದು ಬಂದವನೇ ನೆಲ ಕಚ್ಚಿದ್ದಾನೆಂದು ಗೊತ್ತಾದಾಗ ಏನು ಹೇಳುವುದು? ಯೂರಿಗೆ ಮಾತ್ರ ಅವಸರ. ತಾತನ ಬಾಯಿ ಬಿಟ್ಟಿದೆ, ಇದೇ ಹೊತ್ತು. "ತಾತ, ಗಿರಾಕಿ ಕಥೆ ಕೇಳಿದ್ರಿ. ನೀವು ಒಪ್ಪಬಹುದು, ಒಲ್ಲೆ ಅಂತಾನೂ ಅನ್ನಬಹುದು. ಒಲ್ಲೆ ಅಂದ್ರೆ ಯಾರೂ ಬಲವಂತ ಮಾಡಲ್ಲ. ನಿಮ್ಮಿಷ್ಟ."

ಅವರು ಕಿವಿಗೆ ಕೈ ಇಡಲಿಲ್ಲ. ಗಂಟಲು ಸರಿಮಾಡಿಕೊಳ್ಳಲಿಲ್ಲ. "ಹೋಗ್ತೀನಿ," ಎಂದರು. ಅದು ಕರ್ನಲ್ಲನ ದನಿಯಲ್ಲ. ಎಪ್ಪತ್ತೊಂಬತ್ತು ವರ್ಷದ ಮುದುಕನ ತೆಳ್ಳಗಿನ ದನಿ. ಇಷ್ಟು ವರ್ಷದಲ್ಲಿ ನಾನು ಅದನ್ನು ಕೇಳಿರಲಿಲ್ಲ. "ಇವನು ಒಬ್ಬನೇ ಇದ್ದಾನೆ. ಹೋಗ್ತೀನಿ. ಫೆರ್ಮಿನ್, ಅಡುಗೆ ನೀನು ಮಾಡು. ಪಾತ್ರೆ ನಾನು ತೊಳೀತೀನಿ."

ಪರದೆ ಸರಿಯಿತು. ಒರ್ತೆನ್ಸಿಯಾ ಒದ್ದೆ ಕೈಯಲ್ಲೇ ಬಂದು ನಿಂತಳು.

"ಪಾತ್ರೆನಾ? ನಾಲ್ಕು ವರ್ಷ ಈ ಮನೇಲಿ ಕುಡಿದ ಲೋಟ ಎತ್ತಿಡ್ಲಿಲ್ಲ ನೀವು! ಅವನ ಮನೇಲಿ ಪಾತ್ರೆ ತೊಳೀತೀರಾ?"

"ನೀನು ಯಾವತ್ತೂ ಹೇಳ್ಲಿಲ್ಲ," ಎಂದರು ದೋನ್ ಎಲಾದಿಯೊ.

"ಹೇಳ್ಬೇಕಿತ್ತಾ? ಮಂಡಿ ಹಿಡ್ಕೊಂಡು ಓಡಾಡ್ತಿದ್ದೋಳು ಕಣ್ಣಿಗೆ ಕಾಣ್ಲಿಲ್ವಾ? ಇವನು ನಿಜ ಹೇಳ್ಲಿಲ್ಲ, ಇವನ ಬಾಯಿ ನೋಡೇ ಎಲ್ಲಾ ತಿಳ್ಕೊಂಡ್ರಿ. ನನ್ನ ಬಾಯಿ ನೋಡ್ಲಿಲ್ವಾ?"

"ನೀನು ಯಾವಾಗ್ಲೂ ಆ ಕಡೆ ತಿರುಗಿಕೊಂಡೇ ಮಾತಾಡ್ತಿದ್ದೆ. ಒಲೆ ಕಡೆ."

ಒರ್ತೆನ್ಸಿಯಾ ಒಲೆಯ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಅವಳು ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. "ನಾಲ್ಕು ವರ್ಷ ನಿಮ್ಮ ಬಾಯಿಂದ ಒಂದು ಮಾತು ಬರ್ಲಿ ಅಂತ ಕಾದೆ ಅಪ್ಪಾ. ಕೊನೆಗೆ ಬಂದದ್ದು ಹೋಗ್ತೀನಿ ಅಂತ."

ಅವರು ಎದ್ದು ಮಗಳ ಹತ್ತಿರ ಹೋದರು. ಅವಳ ಒದ್ದೆ ಕೈಯನ್ನು ತಮ್ಮ ಅಂಗಿಯ ತುದಿಯಿಂದ ಒರೆಸಿದರು. ಒಂದು ಕೈ, ಆಮೇಲೆ ಇನ್ನೊಂದು ಕೈ. ಅವಳು ಬಿಡಿಸಿಕೊಳ್ಳಲಿಲ್ಲ.

ಯೂರಿ ದಾಳಗಳನ್ನು ಡಬ್ಬಿಗೆ ಹಾಕಿದಳು. ಮುಖ ಊದಿತ್ತು. ತಾತ 'ಒಲ್ಲೆ' ಎನ್ನಲಿ ಎಂದು ಮೂರು ವಾರ ಹೆಣಗಿದ್ದವಳು. ನಾನು ಅವಳ ತಲೆ ಮುಟ್ಟಿದೆ. "ಬಿಡಿ ದೋನ್ ಅನ್ಸೆಲ್ಮೊ, ನಂಗೇನೂ ಆಗಿಲ್ಲ," ಎಂದು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಉಳಿದ ಕೋಳಿಯನ್ನು ಒರ್ತೆನ್ಸಿಯಾ ಡಬ್ಬಿಗೆ ತುಂಬಿದಳು, ಟೋರ್ತಿಯಾಗಳನ್ನು ಬಟ್ಟೆಯಲ್ಲಿ ಸುತ್ತಿದಳು, ಮಾತ್ರೆ ಡಬ್ಬಿಗಳನ್ನು ಫೆರ್ಮಿನ್‌ಗೆ ಎರಡು ಸಲ ತೋರಿಸಿದಳು. "ಬೆಳಗಿನದು ಖಾಲಿ ಹೊಟ್ಟೇಲಿ ಕೊಟ್ಟುಬಿಡಬೇಡ. ಪರದೆ ಹೊಲಿಸು ಮೊದ್ಲು. ಮುದುಕರಿಗೆ ಬೆಳಕು ಬಿದ್ರೆ ನಿದ್ದೆ ಬರಲ್ಲ," ಎಂದಳು. ಅವನು ಎಲ್ಲದಕ್ಕೂ ತಲೆ ಆಡಿಸಿದ. ಸೂಟ್‌ಕೇಸನ್ನು ನಾನು ಕೆಳಗಿಳಿಸಿ ಕಾರಿನಲ್ಲಿಟ್ಟೆ. ನಾಲ್ಕು ಗಂಟೆಗೆ ಹೊರಟರು.

ಮರುದಿನ ಸೋಮವಾರ. ಒಂದೂವರೆಗೆ ನಾನು ಊಟಕ್ಕೆ ಮೇಲೆ ಹೋದರೆ ಬಾಗಿಲ ಹೊರಗೆ ಜನ ನಿಂತಿದ್ದರು. ಬಾಗಿಲು ಹಾಕಿತ್ತು. ಒಳಗಿನಿಂದ ಅಡುಗೆಯ ವಾಸನೆಯಿಲ್ಲ. ಇಪ್ಪತ್ತು ವರ್ಷದಲ್ಲಿ ಹೀಗಾದದ್ದಿಲ್ಲ. ಬ್ಯಾಂಕಿನ ಗುಮಾಸ್ತ ಬಾಗಿಲು ಬಡಿಯಲು ಕೈ ಎತ್ತಿದ. ಅಷ್ಟರಲ್ಲಿ ಯೂರಿ ಬಾಗಿಲು ಬೆರಳಷ್ಟು ತೆರೆದು ಪಿಸುಗುಟ್ಟಿದಳು:

"ಅಮ್ಮ ಮಲಗಿದಾಳೆ. ಅವಳ ಕೋಣೇಲಿ. ನಿನ್ನೆ ಏಳು ಗಂಟೆಗೆ ಮಲಗಿದೋಳು ಇನ್ನೂ ಎದ್ದಿಲ್ಲ. ಎರಡು ಸಲ ಹೋಗಿ ಉಸಿರಾಡ್ತಿದಾಳಾ ಅಂತ ನೋಡ್ಬಂದೆ."

"ನಮ್ಮ ಊಟ?" ಎಂದ ಗುಮಾಸ್ತ.

"ಮೂಲೆ ಅಂಗಡೀಲಿ ಏನಾದ್ರೂ ತಿನ್ನು ಹೋಗು ಮಾರಾಯ, ಒಂದಿನಕ್ಕೆ ಸಾಯಲ್ಲ," ಎಂದು ನಾನು ಎಲ್ಲರನ್ನೂ ಮೆಟ್ಟಿಲಿಳಿಸಿದೆ.

ಯೂರಿ ಕೆಲಸಕ್ಕೆ ರಜೆ ಹೇಳಿದ್ದಳು. ನಾನೂ ಅಂಗಡಿ ಮುಚ್ಚಿ ಅವಳ ಜೊತೆ ಮೇಜಿನ ಹತ್ತಿರ ಕೂತೆ, ಸದ್ದು ಮಾಡದೆ. ಮೂರೂವರೆಗೆ ಕೋಣೆಯ ಬಾಗಿಲು ತೆರೆಯಿತು. ಒರ್ತೆನ್ಸಿಯಾ ಹೊರಗೆ ಬಂದಳು. ಕೆನ್ನೆಯ ಮೇಲೆ ದಿಂಬಿನ ಗೆರೆ ಬಿದ್ದಿತ್ತು, ಕೂದಲು ಕೆದರಿತ್ತು.

"ಅಪ್ಪಂಗೆ ಊಟ ಕೊಟ್ರಾ?" ಎಂದಳು.

ಯೂರಿ ನನ್ನ ಮುಖ ನೋಡಿದಳು. ಅವಳಿಗೆ ನೆನಪಾಯಿತು. ಅಲ್ಲೇ ಮೇಜಿನ ಹತ್ತಿರದ ಕುರ್ಚಿಯಲ್ಲಿ ಕುಸಿದು ಅತ್ತಳು, ಮುಖ ಮುಚ್ಚಿಕೊಳ್ಳದೆ, ಜೋರಾಗಿ. ಯೂರಿ ಅಮ್ಮನನ್ನು ತಬ್ಬಿ ಹಿಡಿದಳು. ನನಗೂ ಕಣ್ಣು ತುಂಬಿತು, ಅದರಲ್ಲಿ ಮುಚ್ಚಿಡುವುದೇನಿದೆ.

ಅಳು ನಿಂತ ಮೇಲೆ, "ಹಸಿವಾಗ್ತಿದೆ," ಎಂದಳು. ಏಳಲು ಹೋದವಳನ್ನು ಯೂರಿ ಭುಜ ಹಿಡಿದು ಕೂರಿಸಿದಳು. ಯೂರಿ ಮೊಟ್ಟೆ ಹುರಿದಳು, ನಾನು ಟೋರ್ತಿಯಾ ಬಿಸಿಮಾಡಿದೆ, ಎರಡು ಸುಟ್ಟುಹೋದವು. ತಟ್ಟೆ ತಂದು ಅವಳ ಮುಂದಿಟ್ಟೆವು. "ಉಪ್ಪು ಜಾಸ್ತಿ," ಎಂದಳು ಒರ್ತೆನ್ಸಿಯಾ. ಹಾಗೆಂದವಳೇ ಎಲ್ಲವನ್ನೂ ತಿಂದಳು. ಇಪ್ಪತ್ತು ವರ್ಷ ಆ ಮೇಜಿನಲ್ಲಿ ಅವಳ ಕೈಯಡುಗೆ ಉಂಡಿದ್ದೇನೆ, ಅವಳು ಕೂತು ಊಟ ಮಾಡಿದ್ದನ್ನು ನಾನು ನೋಡಿದ್ದು ಅವತ್ತೇ.